ಶೆಟ್ಟೆಪ್ಪನ ಕೂಗು

ಸಿದ್ರಾಯ ಮೂರನೇ ಸಲ ಕೂಗಿದಾಗಲೂ ಹಟ್ಟಿಯೊಳಗಿನ ಕುರಿಗಳು ಕದಲಲಿಲ್ಲ. ಒಂದು ಟಗರು ಮಾತ್ರ ಅವನತ್ತ ನೋಡಿ ಮತ್ತೆ ಮೆಲುಕು ಹಾಕತೊಡಗಿತು.

"ಅವಕ್ಕ ನಿನ್ನ ದನಿ ಗುರ್ತ ಎಲ್ಲೈತ್ಲೇ? ಲಾರಿ ಓಡಸಾವ ನೀ," ಎಂದಳು ದುಂಡವ್ವ. ಸತ್ತ ಶೆಟ್ಟೆಪ್ಪನ ಅಕ್ಕ ಆಕೆ. "ನನ್ನ ಮಣ್ಣಿಗೆ ನನ್ನ ಕುರಿ ಬರಬೇಕು ಅಂತ ಹೇಳಿ ಹೋಗ್ಯಾನಪಾ ನಿಮ್ಮಪ್ಪ. ಬ್ಯಾರೆ ಏನೂ ಕೇಳಿದಾವಲ್ಲ."

ಅಂಗಳದಲ್ಲಿ ಹೆಣದ ಮೇಲೆ ಕರಿಕಂಬಳಿ ಹೊದಿಸಿ ಅರಿಸಿನದ ಭಂಡಾರ ಚೆಲ್ಲಿದ್ದರು. ಕುರಿಗಾರರ ಆ ದಡ್ಡಿಯ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಮಗಳು ಸುವರ್ಣಾ ಮಾತ್ರ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು, ತುಟಿ ಕಚ್ಚಿ ಕೂತಿದ್ದಳು.

"ಅಪ್ಪ ಸತ್ರೂ ದನಿ ತಗೀವಲ್ಲಳು ನೋಡ," ಯಾರೋ ಪಿಸುಗುಟ್ಟಿದರು.

"ಬಾಯಿ ಮುಚ್ಚರಿ," ದುಂಡವ್ವ ಗದರಿದಳು. "ಹೋದ ತಿಂಗಳ ಅಕಿಗೆ ಹರ್ನಿಯಾ ಆಪರೇಶನ್ ಆಗೈತಿ. ಹೊಟ್ಟ್ಯಾಗ ಬಲಿಯಂಥಾ ಜಾಳಿಗಿ ಇಟ್ಟ ಹೊಲ್ದಾರ. ಜೋರ ಅತ್ರ ಹರೀತೈತಂತ ಹೆದರ್ಯಾಳ."

ಅಪ್ಪನ ಹಿಂದೆ ತಿರುಗಿ ಕುರಿ ಕರೆಯುವ ಆ ಕೂಗು ಕಲಿತವಳು ಸುವರ್ಣಾ ಒಬ್ಬಳೇ. ಸಿದ್ರಾಯ ತಂಗಿಯ ಮುಖ ನೋಡಿದ.

"ಆಗೂದಿಲ್ಲಣ್ಣಾ," ಎಂದಳು.

*

ಗೋಕಾಕದ ಆಸ್ಪತ್ರೆಯಲ್ಲಿ, ಆಪರೇಶನ್ನಿನ ಹಿಂದಿನ ದಿನ ಹೆದರಿ ಮನೆಗೆ ಹೊರಟಿದ್ದ ಮಗಳನ್ನು ಶೆಟ್ಟೆಪ್ಪ ಕೈಹಿಡಿದು ಕೂರಿಸಿದ್ದ.

"ನನಗೂ ಇದಽ ಡಾಕ್ಟರಬಾಯಿ ಹೊಲ್ದಾರವಾ, ತೊಡಿಸಂದ್ಯಾಗ. ಆ ಜಾಗಾ ಅಷ್ಟ ಮರಗಟ್ಟಿಸಿದ್ರು, ನನಗ ಎಲ್ಲಾ ಎಚ್ಚರ. ಜಾಳಿಗಿ ಹೊಲ್ದು, 'ಕಾಕಾ, ಜೋರ ಕೆಮ್ಮರಿ, ಜಗ್ಗತೈತೇನ ನೋಡೂನು' ಅಂದ್ರು. ಬೇಕಂದಾಗ ಕೆಮ್ಮ ಎಲ್ಲಿ ಬರತೈತಿ? ಕುರಿ ಕರೀಲೇನ್ರಿ ಅಂದೆ. ಹೂಂ ಅಂದ್ರು. ಕರದೇ ಬಿಟ್ಟೆ!"

ಬಾಗಿಲಲ್ಲಿ ನಿಂತಿದ್ದ ಡಾಕ್ಟರ್ ದಾಕ್ಷಾಯಿಣಿ ನಕ್ಕರು. "ನರ್ಸ್ ಕೈಯಾಗಿನ ಟ್ರೇ ಬಿತ್ತು. ಜಾಳಿಗಿ ಕದಲಲಿಲ್ಲ. ಆದ್ರೂ ಈ ಕಾಕಾನ ಗಂಟಲಾ ನೋಡಿ ಇನ್ನೊಂದ ಹೊಲಿಗಿ ಹಾಕಿದೆ." ಆಮೇಲೆ ಸುವರ್ಣಾಳತ್ತ ತಿರುಗಿ, "ಭಾರ ಎತ್ತಬ್ಯಾಡ ತಂಗಿ. ಕೆಮ್ಮು, ನಗು, ಅಳು ಬಂದ್ರ ಅಂಗೈ ಒತ್ತಿ ಹಿಡಿ. ಏನೂ ಆಗೂದಿಲ್ಲ," ಎಂದಿದ್ದರು.

ಮನೆಗೆ ಬಂದ ಮೇಲೆ ಅವಳ ಕೊಡವನ್ನು ಶೆಟ್ಟೆಪ್ಪನೇ ಹೊತ್ತ. ಗಂಡಸಾಗಿ ನೀರು ತರುತ್ತಾನೆಂದು ನಕ್ಕವರಿಗೆ, "ಟಗರ ಹೊತ್ತಾವಗ ಕೊಡ ಹೆಚ್ಚೇನ್ರಲೇ?" ಎನ್ನುತ್ತಿದ್ದ.

*

"ಹೊತ್ತಾತು, ಎತ್ರಿ," ಎಂದರು ಹಿರಿಯರು.

ಚಟ್ಟ ಹೆಗಲಿಗೇರಿತು. ಕುರಿಗಳು ಮಲಗಿದಲ್ಲೇ ಇದ್ದವು.

ಸುವರ್ಣಾ ಗೋಡೆ ಹಿಡಿದು ಎದ್ದಳು. ಹಟ್ಟಿಯ ಬಾಗಿಲಿಗೆ ಹೋಗಿ ಅಂಗೈಯನ್ನು ಹೊಟ್ಟೆಗೆ ಒತ್ತಿದಳು. ಮೊದಲು ಬರೀ ಉಸಿರು ಬಂತು. ಆಮೇಲೆ ಅಪ್ಪನ ಕೂಗು ಬಂತು, ಹೊಳೆಯ ಆಚೆ ದಂಡೆಗೂ ಮುಟ್ಟುವ ಹಾಗೆ. ಅದರ ತುದಿಯಲ್ಲಿ ಅಳುವೂ ಸೇರಿಕೊಂಡಿತು.

ಕುರಿಗಳೆಲ್ಲ ಎದ್ದು ನಿಂತವು.

ಚಟ್ಟದ ಹಿಂದೆ ದಾರಿಯುದ್ದಕ್ಕೂ ಧೂಳೆದ್ದಿತು. ಹಿಂಡಿನ ಮುಂದೆ ಸುವರ್ಣಾ ಕೂಗುತ್ತ ನಡೆದಿದ್ದಳು. ಹೊಟ್ಟೆಯ ಮೇಲಿನ ಕೈ ಯಾವಾಗಲೋ ಇಳಿದು, ಪಕ್ಕದಲ್ಲಿ ಬರುತ್ತಿದ್ದ ಟಗರಿನ ಬೆನ್ನ ಮೇಲಿತ್ತು.