ಅಧ್ಯಕ್ಷರ ಒಪ್ಪಿಗೆ ಬಾಕಿ

ನಮ್ಮದು ಶಬ್ದಮಾಲಿನ್ಯ ತಡೆ ಸಂಘ. ಅದರ ಜಾಲತಾಣದ ದೆಸೆಯಿಂದ ಊರಿಗೆಲ್ಲ ಹೆಚ್ಚು ಗಲಾಟೆಯಾಗುತ್ತಿದ್ದುದು ನಮ್ಮ ಮನೆಯಲ್ಲಿ.

ಕಚೇರಿಗೆ ಫೋನ್ ಸಂಪರ್ಕ ಬರುವ ಮೊದಲೇ ಜಾಲತಾಣ ಶುರುವಾಗಿತ್ತು. ಸದ್ಯಕ್ಕೆ ಇರಲಿ ಎಂದು ಕಾರ್ಯದರ್ಶಿಗಳು ಗುಮಾಸ್ತೆಯಾದ ನನ್ನ ಮನೆಯ ನಂಬರ್ ಹಾಕಿಸಿದರು. ಆಮೇಲೆ ಜಾಲತಾಣ ಮಾಡಿಕೊಟ್ಟವನು ಪಾಸ್‌ವರ್ಡ್ ಸಮೇತ ನಾಪತ್ತೆಯಾದ. ಹೃದಯದ ಆಪರೇಷನ್ ಆಗಿ ಮನೆಗೆ ಬಂದಿದ್ದ ನಮ್ಮ ಅತ್ತೆ ಮಧ್ಯಾಹ್ನ ನಿದ್ದೆ ಮಾಡಲೇಬೇಕೆಂದು ಡಾಕ್ಟರು ಹೇಳಿದ್ದರು. ಅತ್ತೆ ಕಣ್ಣು ಮುಚ್ಚುವುದಕ್ಕೂ ಎಲ್ಲೋ ಯಾರದೋ ಪಕ್ಕದ ಮನೆಯವರು ಗೋಡೆ ಕೊರೆದು ಆ ದೂರು ನಮ್ಮ ಫೋನಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಫೋನಿನ ವೈರ್ ಕಿತ್ತುಬಿಡುತ್ತೇನೆ ಎಂದರೆ ಬೇಡವೆನ್ನುವರು. ಪಾಪ, ಜನ ನಂಬಿ ಫೋನ್ ಮಾಡುತ್ತಾರಂತೆ. ಸಂಜೆ ನಾನು ಬಂದೊಡನೆ ಅಂದಿನ ದೂರುಗಳನ್ನೆಲ್ಲ ಬಾಯಿಪಾಠ ಒಪ್ಪಿಸುವರು. ಮುಖ ಮಾತ್ರ ದಿನದಿಂದ ದಿನಕ್ಕೆ ಬಾಡುತ್ತಿತ್ತು.

ನಂಬರ್ ಬದಲಿಸಿ ಎಂದು ಗೋಗರೆದೆ. ಬರಹ, ಫೋಟೋಗಳನ್ನು ನಾವೇ ಹಾಕಿ ತೆಗೆಯುವಂಥ ಹೊಸ ತಂತ್ರಾಂಶ ಬೇಕೆಂದು ಸಮಿತಿ ರಚಿಸಿದರು. ಸಮಿತಿ ಎಂದ ಮೇಲೆ ಕೇಳಬೇಕೆ. ಮೊದಲು ನೋಡಿದ ತಂತ್ರಾಂಶ ತೀರಾ ಸುಲಭ, ಗುಮಾಸ್ತೆ ಕೂಡ ಬಳಸಬಹುದಿತ್ತು. ಆ ಒಂದೇ ಕಾರಣಕ್ಕೆ ಅದು ಬಿದ್ದುಹೋಯಿತು. ಖಜಾಂಚಿಯವರು ಪುಕ್ಕಟೆಯದು ಬೇಕೆಂದು ಹಟ ಹಿಡಿದರು. ಸಿಕ್ಕಿದ ಮೇಲೆ, ಪುಕ್ಕಟೆ ಕೊಡುತ್ತಾರೆಂದರೆ ಏನೋ ಐಬಿರಬೇಕು ಎಂದು ಅವರೇ ಬಿಟ್ಟರು. ಕಾರ್ಯದರ್ಶಿಗಳು ಕೇಳಿದ್ದು ಒಂದೇ, ತಮ್ಮ ಫೋಟೋ ಎಷ್ಟು ದೊಡ್ಡದು ಹಿಡಿಸುತ್ತದೆ ಎಂದು. ಕೊನೆಗೆ ಎಲ್ಲರ ಮುಖ ಅರಳಿದ್ದು, ಪದಾಧಿಕಾರಿಗಳೆಲ್ಲರೂ ಒಪ್ಪದ ಹೊರತು ಒಂದಕ್ಷರವೂ ಕದಲದಂಥ ತಂತ್ರಾಂಶವನ್ನು ಕಂಡಾಗ. ಬೇಡವೆನ್ನುವ ಗುಂಡಿ ಪ್ರತಿಯೊಬ್ಬರಿಗೂ ಒಂದೊಂದು ಸಿಕ್ಕಿತು.

ಹಳೆಯದನ್ನೆಲ್ಲ ಯಥಾವತ್ತಾಗಿ ಹೊಸದಕ್ಕೆ ಸಾಗಿಸಿದರು, ನಮ್ಮ ನಂಬರ್ ಸಮೇತ. ನಾನು ಅದನ್ನು ಕಚೇರಿಯ ನಂಬರಿಗೆ ತಿದ್ದಿ ಒಪ್ಪಿಗೆಗೆ ಕಳಿಸಿದೆ. ಉಳಿದವರೆಲ್ಲ ಒಪ್ಪಿದರು. ಅಧ್ಯಕ್ಷರು ತಮ್ಮ ಪಾಸ್‌ವರ್ಡ್ ಮರೆತರು. ಸಹಾಯಕ್ಕಾಗಿ ಸಂಘಕ್ಕೆ ಫೋನ್ ಮಾಡಿ ಎಂದು ಪರದೆ ಹೇಳಿತು, ಕೆಳಗೆ ನಂಬರನ್ನೂ ಕೊಟ್ಟಿತು.

ಅಂದು ಸಂಜೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು.

"ನಿಮ್ಮ ಅಧ್ಯಕ್ಷರಂತಮ್ಮಾ, ಮಧ್ಯಾಹ್ನವೆಲ್ಲ ಫೋನ್ ಮಾಡ್ತಾನೇ ಇದ್ರು. ಏನು ಗಲಾಟೆ ಸಾರ್ ಅಂತ ಕೇಳ್ದೆ. ಪಾಸ್‌ವರ್ಡ್ ಬೇಕಂತೆ. ಸಂಘದವರಿಗೆ ಹೇಳ್ತೀನಿ ಅಂದೆ."

ನಾನು ಎದ್ದು ಹೋಗಿ ವೈರ್ ಕಿತ್ತೆ. ಈ ಸಲ ಅತ್ತೆ ಬೇಡವೆನ್ನಲಿಲ್ಲ.

ಮುಂದಿನ ಸಭೆ ಮಧ್ಯಾಹ್ನವಿತ್ತು. ಅಧ್ಯಕ್ಷರಿಗೆ ಪಾಸ್‌ವರ್ಡ್ ಇನ್ನೂ ಸಿಕ್ಕಿರಲಿಲ್ಲ. ಅದರ ಚಿಂತೆ ಅವರಿಗಿದ್ದಂತೆಯೂ ಕಾಣಲಿಲ್ಲ. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಹೊಸ ವೆಬ್‌ಸೈಟ್ ಬಂದ್ಮೇಲೆ ಒಂದೇ ಒಂದು ದೂರು ಬಂದಿಲ್ಲ, ನೋಡಿ. ಊರೇ ತಣ್ಣಗಾಗಿದೆ."

ಪಕ್ಕದ ಕಟ್ಟಡದಲ್ಲಿ ಯಾರೋ ಗೋಡೆ ಕೊರೆಯುತ್ತಿದ್ದರಿಂದ ಅದನ್ನು ಅವರು ಇನ್ನೊಮ್ಮೆ ಕೂಗಿ ಹೇಳಬೇಕಾಯಿತು. ನಾನು ಗಡಿಯಾರ ನೋಡಿದೆ. ಅತ್ತೆ ಮಲಗಿರುವ ಹೊತ್ತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.