ಟ್ಯಾಪೆಟ್ಟಿನ ಚಹಾ

ನಮ್ಮ ಮನೆಯವರ ಕಿವಿ ಹೋದದ್ದು ನನಗೆ ತಡವಾಗಿ ಗೊತ್ತಾಯಿತು. ತಪ್ಪು ನನ್ನದಲ್ಲ. ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವರು ನನ್ನ ಮಾತಿಗೆ ಉತ್ತರ ಕೊಟ್ಟದ್ದೇ ಅಪರೂಪ. ಕೇಳಿಸದೆ ಸುಮ್ಮನಿದ್ದಾರೋ, ಕೇಳಿಸಿಯೂ ಸುಮ್ಮನಿದ್ದಾರೋ ಎಂದು ಯಾವ ಹೆಂಡತಿ ಕಂಡುಹಿಡಿದಾಳು? ಗಿರಾಕಿಗಳಿಗೂ ಉತ್ತರ ಕೊಡುವುದನ್ನು ನಿಲ್ಲಿಸಿದಾಗ ಅನುಮಾನ ಬಂತು.

ಗಡಿಯಾಚೆ ಉಮರಗಾದ ಹೈವೇ ಪಕ್ಕದಲ್ಲಿ ನಮ್ಮ ಗ್ಯಾರೇಜು, ಅದರ ಹಿಂದೆಯೇ ಮನೆ. ಬೋರ್ಡಿನ ಮೇಲೆ ಅವರ ಹೆಸರು ಮರಾಠಿಯಲ್ಲಿದೆ. ಆಳಂದದ ಕಡೆ ಹುಟ್ಟಿದವಳು ನಾನು, ನನ್ನ ಬಾಯಿಂದ ಗಂಡನ ಹೆಸರು ಬಂದಿಲ್ಲ, ಬರುವುದೂ ಇಲ್ಲ. ನಿಲಂಗಾ, ಉದಗೀರದಿಂದ ಹಳೆ ಗಾಡಿಗಳು ಹುಡುಕಿಕೊಂಡು ಬರುವುದು ಅವರ ಕಿವಿಗಾಗಿ. ಎಂಜಿನ್ ಮೇಲೆ ಸಾಲಾಗಿ ಎಂಟು ಸಣ್ಣ ಸುತ್ತಿಗೆಗಳಂಥವು ಎದ್ದು ಬೀಳುತ್ತಿರುತ್ತವೆ, ಒಂದೊಂದಕ್ಕೂ ಒಂದೊಂದು ಸ್ಕ್ರೂ, ಅದನ್ನು ಹದಕ್ಕೆ ತರುವುದೇ ಟ್ಯಾಪೆಟ್ಟಿನ ಕೆಲಸ. ಕೂದಲೆಳೆಯಷ್ಟು ಸಡಿಲಾದರೂ ಟಕಟಕ ಸದ್ದು. ಇವರು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಹಚ್ಚಿ, ತಪ್ಪು ಯಾವುದರದೆಂದು ಹೇಳುತ್ತಿದ್ದರು. ಅಳತೆಯ ತಗಡಿನ ಪಟ್ಟಿ ತೂರಿಸಿ ನೋಡುವವರನ್ನು ಮಿಸ್ತ್ರಿ ಎನ್ನುತ್ತಿರಲಿಲ್ಲ, ದರ್ಜಿ ಎನ್ನುತ್ತಿದ್ದರು. ಅಂಥವರು ಕಿವುಡನಾದೆ ಎಂದು ಒಪ್ಪಿಕೊಳ್ಳುವುದು ಹೇಗೆ? ಊರಿಗೆ ಹೇಳುವುದಿರಲಿ, ನನಗೇ ಹೇಳಲಿಲ್ಲ. ಅದೇ ನನ್ನ ಸಿಟ್ಟು, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ನಿಲಂಗಾದ ಒಂದು ಜೀಪು ಬಂದಿತ್ತು. ಚಹಾಕ್ಕೆ ಸಕ್ಕರೆ ಸಾಲದೆಂದು ಆ ದಿನ ಡಬ್ಬಿಯನ್ನೂ ಒಯ್ದಿದ್ದೆ. ನೋಡಿದರೆ ಮೂರನೆಯದು ಬಡಿದುಕೊಳ್ಳುತ್ತಿದೆ, ಇವರು ಐದನೆಯದನ್ನು ತಿರುಗಿಸುತ್ತಿದ್ದಾರೆ. ಇಷ್ಟು ವರ್ಷ ಆ ಸದ್ದಿನಲ್ಲೇ ರೊಟ್ಟಿ ಬಡಿದವಳಿಗೆ ಅಷ್ಟೂ ತಿಳಿಯುವುದಿಲ್ಲವೆ? ಆದರೆ ನಾಲ್ಕು ಜನರೆದುರು ಹೇಳಿದರೆ ಅವರ ಮಾನ ಹೋಗುತ್ತದೆ. ಅವರಿಗೆ ಕಾಣುವಂತೆ ಕಪ್ಪಿಗೆ ಒಂದು, ಎರಡು, ಮೂರು ಚಮಚ ಸಕ್ಕರೆ ಹಾಕಿ ನಿಲ್ಲಿಸಿದೆ. ಚಮಚ ನೋಡಿದರು, ನನ್ನನ್ನು ನೋಡಿದರು, ನಟ್ಟು ತಿರುವುವ ಪಾನಾವನ್ನು ಮೂರನೆಯದಕ್ಕೆ ಹಾಕಿದರು. ಅಂದಿನಿಂದ ನಮ್ಮ ಗ್ಯಾರೇಜಿನ ಚಹಾಕ್ಕೆ ಸಕ್ಕರೆ ಬೇರೆಯಾಗಿ ಬರುತ್ತದೆ. ದೊಡ್ಡ ಹೋಟೆಲಿನ ರೀತಿ ಎಂದು ಜನ ಮೆಚ್ಚಿದರು. ನಾವಿಬ್ಬರು ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಮೊನ್ನೆ ಗುಂಜೋಟಿಯ ಅಮೋಘಸಿದ್ಧ ತನ್ನ ತಂದೆಯ ಕಾಲದ ಅಂಬಾಸಿಡರ್ ತಂದ. ಕುರಿ ಸಾಕುವ ಮನೆತನ, ಬೀರಪ್ಪನ ಭಕ್ತ, ಹಣೆ ತುಂಬ ಭಂಡಾರದ ಅರಿಶಿನ. ಬೇರೆ ಎರಡು ಗ್ಯಾರೇಜಿನವರು ಈ ಎಂಜಿನ್ನನ್ನು ಗುಜರಿಗೆ ಹಾಕೆಂದಿದ್ದರಂತೆ. ನಮ್ಮವರ ಕಿವಿಗೂ ಆಗದಿದ್ದರೆ ಹಾಕಿಬಿಡುತ್ತೇನೆ ಎಂದ. ಜೊತೆಗೆ ಆ ಕಿವಿಯನ್ನು ನೋಡಲೆಂದೇ ಇಬ್ಬರು ಅಳಿಯಂದಿರು ಬಂದಿದ್ದರು.

ಇವರು ಸುತ್ತಿಗೆಯಂಥ ಆ ಸವೆದ ಎಂಟು ರಾಕರ್, ಅವು ಕೂತಿದ್ದ ಸರಳು, ಅವನ್ನು ಎತ್ತುವ, ಬಾಗಿದ ಎರಡು ಪುಶ್‌ರಾಡ್ ತೆಗೆದು, ಸೊಲ್ಲಾಪುರದಿಂದ ಬಸ್ಸಿನಲ್ಲಿ ತರಿಸಿದ ಹೊಸವನ್ನು ಹಾಕಿದರು. ವಾಲ್ವುಗಳು ಮಾತ್ರ ಸಿಗಲಿಲ್ಲ. ಹಳೆಯವುಗಳ ತುದಿ ಸವೆದು ಗುಳಿ ಬಿದ್ದಿತ್ತು, ಅಲ್ಲಿ ದರ್ಜಿಯ ಪಟ್ಟಿಯೂ ಸುಳ್ಳು ಹೇಳುತ್ತದೆ. ಕಿವಿಯೇ ಬೇಕು.

ಎಂಜಿನ್ ಚಾಲೂ ಆಯಿತು. ಇವರು ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ, ಏನೂ ಕೇಳಿಸದೆ ನಿಂತರು. ಅಳಿಯಂದಿರು ಉಸಿರು ಬಿಗಿಹಿಡಿದರು. ನಾನು ಕೆಟಲಿ ತಂದೆ. ಬಡಿಯುತ್ತಿದ್ದದ್ದು ಆರನೆಯದು. ಮೊದಲ ಕಪ್ಪು ಯಾವಾಗಲೂ ಮನೆಗೆ ಬಂದವರಿಗೇ, ಹಾಗಾಗಿ ಆರು ಚಮಚ ಅಮೋಘಸಿದ್ಧನ ಕಪ್ಪಿಗೆ ಬಿತ್ತು. ಅವನು ಕುಡಿದ. ಸದ್ದು ನಿಂತಾಗ ನಾನು ಡಬ್ಬಿ ಮುಚ್ಚಿದೆ, ಇವರು ಪಾನಾ ತೆಗೆದರು. ಆರನೆಯದು ಸರಿಯಾಯಿತು, ಎಂಟನೆಯದು ಶುರುವಾಯಿತು. ಅಳಿಯಂದಿರು ಚಹಾ ಮುಟ್ಟುವವರಲ್ಲ, ಇವರು ಕೆಲಸದ ನಡುವೆ ಕುಡಿಯುವವರಲ್ಲ, ಎರಡನೇ ಕಪ್ಪನ್ನೂ ಅವನಿಗೇ ತುಂಬಿ ಎಂಟು ಚಮಚ ಹಾಕಿದೆ. ಅವನು ಕಪ್ಪನ್ನೂ ನೋಡಿ ನನ್ನನ್ನೂ ನೋಡಿ ಅದನ್ನೂ ಕುಡಿದ. ಇನ್ನು ಏಳನೆಯದೊಂದು ಉಳಿದಿತ್ತು. ಡಬ್ಬಿ ತೆಗೆದಾಗ ಅವನು ಕಪ್ಪಿನ ಮೇಲೆ ಅಂಗೈ ಮುಚ್ಚಿದ.

"ವೈನಿ, ನನಗ ಶುಗರ್ ಅದರಿ. ನೀವು ಪ್ರೀತಿಲೆ ಕೊಟ್ಟೀರಿ ಅಂತ ಎರಡು ಕುಡದೀನಿ. ಇನ್ನೊಂದು ಕುಡದ್ರ ಇಲ್ಲೇ ಬೀಳ್ತೀನಿ."

ಇವರು ಮಾತ್ರ ಪಾನಾ ಹಿಡಿದು ಚಮಚಕ್ಕೆ ಕಾಯುತ್ತಿದ್ದರು. ಬಂದವರಿಗೆ ಶುಗರ್ ಅದ ಅಂತ ಎಂದು ಇವರಿಗೆ ಹೇಳಿದೆ. ಇನ್ನೊಮ್ಮೆ ಜೋರಾಗಿ ಹೇಳಿದೆ. ಮೂರನೇ ಸಲ ಕೂಗಿದ್ದು ಬಸ್ ಸ್ಟ್ಯಾಂಡಿಗೂ ಕೇಳಿಸಿರಬೇಕು. ಇವರು ತಲೆ ಅಲ್ಲಾಡಿಸಿ, ಎಷ್ಟು ಎಂಬಂತೆ ಮತ್ತೆ ಕಪ್ಪಿನ ಕಡೆ ನೋಡಿದರು. ಅಳಿಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಅಳು ಬಂತು. ನಾನು ಏಳು ಬೆರಳು ಎತ್ತಿದರೆ ಎಲ್ಲ ಬಯಲಾಗುತ್ತದೆ, ಸಕ್ಕರೆ ಹಾಕಿದರೆ ಮನುಷ್ಯ ಹೋಗುತ್ತಾನೆ.

ಇವರು ಕಪ್ಪಿನ ಮೇಲಿದ್ದ ಅಂಗೈಯನ್ನು ನೋಡಿದರು, ನನ್ನ ಕಣ್ಣನ್ನು ನೋಡಿದರು. ಎಂಜಿನ್ ಬಂದ್ ಮಾಡಿ, ಕೈ ಒರೆಸಿಕೊಂಡು, ಕಿವಿ ಕೇಳದವರು ಮಾತಾಡುವಷ್ಟು ಜೋರಾಗಿ ಹೇಳಿದರು.

"ನನಗ ಕಿವಿ ಕೇಳಸೂದಿಲ್ಲ. ಎರಡು ವರ್ಷ ಆಯ್ತು. ಕೇಳಾಕಿ ಈಕಿ. ನಾ ಬರೇ ಪಾನಾ ತಿರುವತೀನಿ."

ಅಮೋಘಸಿದ್ಧ ಬೆರಳು ಮಡಚಿ ಏನೋ ಲೆಕ್ಕ ಹಾಕಿದ.

"ಅಂದ್ರ ನಾ ಕುಡದದ್ದು ಆರನೇದು ಮತ್ತ ಎಂಟನೇದು?"

ಹೌದು ಎಂದೆ. ಅವನು ಎದ್ದು ತಾನು ಕೂತಿದ್ದ ಸ್ಟೂಲನ್ನು ತಂದು ಎಂಜಿನ್ ಪಕ್ಕ ನನಗೆ ಹಾಕಿದ. ಏಳನೆಯದನ್ನು ಚಹಾ ಇಲ್ಲದೆಯೇ ಮಾಡಿ ಎಂದ.

ಇವರು ಕಿವಿಗೆ ಹಚ್ಚುವ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು, ತಾವು ಇನ್ನೊಂದನ್ನು ತೆಗೆದುಕೊಂಡರು. ಸದ್ದು ನಿಂತ ಕೂಡಲೇ ನಾನು ಕೈ ಎತ್ತಬೇಕು, ಅಲ್ಲಿಯತನಕ ಇವರು ನನ್ನ ಮುಖ ನೋಡುತ್ತ ಸ್ಕ್ರೂ ತಿರುಗಿಸಬೇಕು. ಎಂಜಿನ್ ಮತ್ತೆ ಚಾಲೂ ಆಯಿತು. ಇವರು ನೋಡತೊಡಗಿದರು. ಮದುವೆಯ ದಿನವೂ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿರಲಿಲ್ಲ. ಟಕಟಕ ಸಣ್ಣದಾಗುತ್ತ ಬಂದು ನಿಂತಿತು. ಕೈ ಎತ್ತಬೇಕಿತ್ತು, ಎತ್ತಲಿಲ್ಲ. ಇವರು ನೋಡುತ್ತಲೇ ಇದ್ದರು.

ಆಮೇಲೆ ಎತ್ತಿದೆ. ಸ್ಕ್ರೂ ಎಳೆಯಷ್ಟು ಹೆಚ್ಚು ಬಿಗಿಯಾಗಿತ್ತು, ಹಿಂದಕ್ಕೆ ತಿರುಗಿಸಿರೆಂದು ಸನ್ನೆ ಮಾಡಿದೆ. ತಿರುಗಿಸಿದರು, ನನ್ನ ಮುಖ ನೋಡುತ್ತಲೇ.