ಲೊರೆಟಾಳ ಫೋನು ನಡೆಯದ ಕಾಲೇಜು

ಲೊರೆಟಾ ಸ್ಟ್ಯಾಂಪರ್ ಫೋನ್ ಮಾಡಿದಳೆಂದರೆ ಹೈಸ್ಕೂಲಿನಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು. ಆ ಸ್ಕೂಲಿನ ಬಸ್ಸು ಓಡಿಸುವವಳೇ ಅವಳು. ಯಾವ ಮೇಷ್ಟ್ರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಯಾರ ಮಗ ಹಿಂದಿನ ಸೀಟಿನಲ್ಲಿ ಕೂತು ಏನು ಸೇದುತ್ತಾನೆ, ಎಲ್ಲ ಅವಳ ಬಾಯಲ್ಲೇ ಇರುತ್ತಿತ್ತು. "ನಮ್ಮ ಬ್ರೆನ್ನಾ ಇವತ್ತು ಬರಲ್ಲ" ಅಂದರೆ ಸಾಕು, ಕಚೇರಿಯವರು ಯಾಕೆ ಏನು ಅಂತಲೂ ಕೇಳದೆ ರಜೆ ಹಾಕಿಕೊಳ್ಳುತ್ತಿದ್ದರು. ಒಹಾಯೊ ನದಿ ದಂಡೆಯ ನಮ್ಮಂಥ ಸಣ್ಣ ಊರುಗಳಲ್ಲಿ ತಾಯಿಯ ಫೋನಿಗೆ ಅಷ್ಟು ಬೆಲೆ.

ಆದರೆ ಆ ವರ್ಷ ಅವಳ ಮಗಳು ಬ್ರೆನ್ನಾ ಹೈಸ್ಕೂಲಿನಲ್ಲಿ ಇದ್ದುಕೊಂಡೇ ಪಕ್ಕದ ಊರಿನ ಕಾಲೇಜಿನಲ್ಲಿ ಅಂಗರಚನೆಯ ಪಾಠಕ್ಕೂ ಸೇರಿದ್ದಳು. ಹದಿನಾರರ ಹುಡುಗಿ. ಅವಳಿಗೆ ನರ್ಸ್ ಆಗಬೇಕು. ಈ ಪಾಠದಲ್ಲಿ ಒಳ್ಳೆಯ ದರ್ಜೆ ಬಂದರೆ ನರ್ಸಿಂಗಿನ ಸೀಟು ಹತ್ತಿರವಾಗುತ್ತದೆ, ಫೇಲಾದರೆ ಆ ಫೇಲು ಸಾಯುವ ತನಕ ಅಂಕಪಟ್ಟಿಯಲ್ಲಿ ಕೂತಿರುತ್ತದೆ. ಇದನ್ನೆಲ್ಲ ಹೇಳುವುದಕ್ಕೇ ಕಾಲೇಜಿನವರು ತಂದೆತಾಯಿಯರನ್ನು ಒಂದು ಸಂಜೆ ಕರೆಸಿದ್ದರು. ಅಲ್ಲಿ ಮಾತಾಡಿದ ಹೆಂಗಸು ಬಿಡಿಸಿ ಬಿಡಿಸಿ ಹೇಳಿದಳು: ಕಾಲೇಜಿನ ರಜೆಯೇ ಬೇರೆ, ಹೈಸ್ಕೂಲಿನ ರಜೆಯೇ ಬೇರೆ. ಮಗು ಬರದಿದ್ದರೆ ಮಗುವೇ ಮೇಷ್ಟ್ರಿಗೆ ತಿಳಿಸಬೇಕು. ಮಗು ಒಪ್ಪದೆ ನಾವು ನಿಮ್ಮ ಹತ್ತಿರ ಅದರ ಓದಿನ ಬಗ್ಗೆ ಒಂದಕ್ಷರವೂ ಆಡುವಂತಿಲ್ಲ. ಲೊರೆಟಾ ಪಿಜ್ಜಾ ಅಗಿಯುತ್ತಾ ಪಕ್ಕದವಳ ಕಿವಿಯಲ್ಲಿ, "ಹೆತ್ತಿದ್ದು ನಾನು, ಗುಟ್ಟು ಇವಳ ಹತ್ರ ಅಂತೆ. ನೋಡೋಣ ಬಿಡು" ಅಂದಳು.

ಏಪ್ರಿಲಿನಲ್ಲಿ ಹೈಸ್ಕೂಲಿಗೆ ಒಂದು ವಾರ ರಜೆ ಬಂತು. ಪ್ರತಿ ವರ್ಷ ಆ ವಾರ ಲೊರೆಟಾ ಮತ್ತು ಅವಳ ಅಕ್ಕತಂಗಿಯರು ಮಕ್ಕಳುಮರಿ ಕಟ್ಟಿಕೊಂಡು ದಕ್ಷಿಣದ ಸಮುದ್ರದಂಡೆಗೆ ಹೋಗಿ ಒಂದೇ ಮನೆಯಲ್ಲಿ ಬೀಳುವುದು, ಸೀಗಡಿ ಬೇಯಿಸುವುದು, ಜಗಳವಾಡುವುದು ಪದ್ಧತಿ. ಅದೇ ವಾರದ ಬುಧವಾರ ಕಾಲೇಜಿನಲ್ಲಿ ಮೂಳೆಗಳ ಪರೀಕ್ಷೆ. ಮೇಜುಮೇಜಿನ ಮೇಲೆ ನಿಜವಾದ ಮೂಳೆ ಇಟ್ಟಿರುತ್ತಾರೆ, ಮಕ್ಕಳು ಒಂದೊಂದರ ಮುಂದೆ ನಿಂತು ಹೆಸರು ಬರೆಯಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಯಿತು.

"ಅಮ್ಮ, ನಾನು ಬರಲ್ಲ. ನಮ್ಮ ಕ್ಲಾಸಿನ ಟ್ಯಾಮ್ಸಿನ್ ಮನೇಲಿ ಇರ್ತೀನಿ. ಅವರಮ್ಮ ಹೂಂ ಅಂದಿದಾರೆ."

"ಊರವರ ಮನೇಲಿ ಬಿದ್ದಿರ್ತೀಯಾ? ನಿನ್ನ ದೊಡ್ಡಮ್ಮಂದಿರು ಏನಂದ್ಕೋತಾರೆ? ಮುಚ್ಕೊಂಡು ಬಟ್ಟೆ ತುಂಬು."

"ಪರೀಕ್ಷೆ ಇದೆ ಅಂತಿದೀನಲ್ಲಾ!"

"ನಾನು ಫೋನ್ ಮಾಡ್ತೀನಿ ಕಣೇ. ಇಷ್ಟು ವರ್ಷ ನಡೆದಿಲ್ವಾ?"

"ಅಲ್ಲಿ ನಡೆಯಲ್ಲ. ಆವತ್ತೇ ಹೇಳಿದ್ರು. ನೀನು ಕೇಳಿಸ್ಕೊಂಡಿಲ್ಲ, ಪಿಜ್ಜಾ ತಿಂತಿದ್ದೆ."

ಆ ಮಾತಿಗೆ ಲೊರೆಟಾಳ ಪಿತ್ತ ನೆತ್ತಿಗೇರಿತು. ಮಗಳ ಚೀಲದಿಂದ ಅಂಗರಚನೆಯ ದಪ್ಪ ಪುಸ್ತಕ ಕಿತ್ತು ಫ್ರಿಜ್ಜಿನ ಮೇಲೆ ಎಸೆದಳು. ಕಾಲೇಜಿನ ನಂಬರಿಗೆ ಫೋನ್ ಹಚ್ಚಿದಳು, ಯಾರೂ ಎತ್ತಲಿಲ್ಲ. "ಬ್ರೆನ್ನಾ ಸ್ಟ್ಯಾಂಪರ್‌ಗೆ ಜ್ವರ, ಬುಧವಾರ ಬರಲ್ಲ" ಅಂತ ಸಂದೇಶ ಹಿಡಿದಿಡುವ ಯಂತ್ರಕ್ಕೆ ಹೇಳಿ ಇಟ್ಟಳು. ಹುಡುಗಿ ಅಳಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಕಿಟಕಿಗೆ ಮುಖ ಮಾಡಿದಳು.

ವಾಪಸು ಬಂದ ಮಾರನೆಯ ದಿನ, ಹೈಸ್ಕೂಲಿಗೆ ಇನ್ನೂ ರಜೆಯಿದ್ದ ಶುಕ್ರವಾರ, ತಿಂಡಿ ಹೊತ್ತಿಗೆ ಬ್ರೆನ್ನಾ ಫೋನಿನಲ್ಲಿ ಅಂಕ ನೋಡಿ, "ಸೊನ್ನೆ ಹಾಕಿದಾರೆ. ಇನ್ನು ಪಾಸಾಗಲ್ಲ" ಅಂದು ಬಟ್ಟಲು ಪಕ್ಕಕ್ಕೆ ಸರಿಸಿದಳು.

"ಯಾರು ಹಾಕಿದ್ದು? ಯಾವಳು ಅವಳು?"

"ಅಮ್ಮ, ಕೈಮುಗೀತೀನಿ, ನೀನು ಬರಬೇಡ. ನಾನೇ ಹೋಗಿ ಕೇಳ್ತೀನಿ."

"ನೀನು ಕೇಳ್ತೀಯಾ? ಹೋಟೆಲಲ್ಲಿ ಕೆಚಪ್ ಕೇಳೋಕೆ ನಾಚ್ಕೋತೀಯ! ನಡಿ ಕಾರಿಗೆ."

ದಾರಿಯಲ್ಲಿ ಪಾಠ ಶುರುವಾಯಿತು. ಜ್ವರ ಅನ್ನು. ನೂರಾ ಎರಡು ಇತ್ತು ಅನ್ನು. ವಾಂತಿನೂ ಸೇರಿಸು, ವಾಂತಿ ಅಂದ್ರೆ ಯಾರೂ ಹೆಚ್ಚು ಕೇಳಲ್ಲ. ಬ್ರೆನ್ನಾ, "ಮುಖ ಬಿಸಿಲಿಗೆ ಸುಟ್ಟು ಸುಲೀತಿದೆ. ಯಾರು ನಂಬ್ತಾರೆ?" ಅಂದಳು.

"ಹೇಳೋ ಥರ ಹೇಳಿದ್ರೆ ನಂಬ್ತಾರೆ!"

ಅಂಗರಚನೆ ಕಲಿಸುವ ಡಾಕ್ಟರ್ ಐರೀನ್ ಹೆಸ್ಲಪ್ ಕಾಲೇಜಿನ ತನ್ನ ಕೋಣೆಯ ಬಾಗಿಲು ತೆರೆದೇ ಇಟ್ಟುಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು. ಲೊರೆಟಾ ಬಾಗಿಲು ತಟ್ಟುವ ಗೋಜಿಗೂ ಹೋಗಲಿಲ್ಲ.

"ಏನ್ರೀ, ಮೈ ಹುಷಾರಿಲ್ದೆ ಬಿದ್ದಿದ್ದ ಮಗೂಗೆ ಸೊನ್ನೆ ಹಾಕ್ತೀರಲ್ಲ, ನಿಮಗೆ ಮಕ್ಕಳುಮರಿ ಇಲ್ವಾ?"

ಹೆಸ್ಲಪ್ ಬಾಯಲ್ಲಿದ್ದ ತುತ್ತು ನುಂಗಿ, ಕೈ ಒರೆಸಿಕೊಂಡಳು. "ನೀವು ಯಾರು?"

"ಇವಳ ತಾಯಿ!"

"ಸಂತೋಷ. ನಿಮ್ಮ ಹತ್ತಿರ ನಾನು ಏನೂ ಮಾತಾಡೋ ಹಾಗಿಲ್ಲ, ಮಿಸೆಸ್ ಸ್ಟ್ಯಾಂಪರ್. ಇವಳು ಒಪ್ಪಿದ್ರೆ ಮಾತ್ರ."

"ಒಪ್ಪೋದೇನ್ರೀ? ಅವಳು ಹಾಕ್ಕೊಂಡಿರೋ ಬೂಟ್ಸು ನಾನು ಕೊಡ್ಸಿದ್ದು! ನಾನು ಮಾಡಿದ ಅನ್ನ ತಿಂದು—"

"ಇಲ್ಲಿ ಪಾಠಕ್ಕೆ ಸೇರಿರೋದು ಅವಳು. ನೀವಲ್ಲ." ಹೆಸ್ಲಪ್ ದನಿ ಒಂದಿಷ್ಟೂ ಏರಲಿಲ್ಲ, ಅದೇ ಲೊರೆಟಾಳ ಮೈ ಉರಿಸಿತು. "ಬ್ರೆನ್ನಾ, ನಿನ್ನ ವಿಷಯ ನಿನ್ನ ತಾಯಿ ಎದುರಿಗೆ ಮಾತಾಡಬಹುದಾ?"

ಲೊರೆಟಾ ಗೆದ್ದವಳ ಹಾಗೆ ಆಗಲೇ ಕುರ್ಚಿ ಎಳೆದುಕೊಂಡಿದ್ದಳು. ಎಷ್ಟು ಮೇಷ್ಟ್ರುಗಳ ಮುಂದೆ ಹೀಗೆ ಕುರ್ಚಿ ಎಳೆದುಕೊಂಡು ಕೂತಿಲ್ಲ! ಕೆಮಿಸ್ಟ್ರಿಯವನು ಅರ್ಧ ಗಂಟೆಯಲ್ಲಿ ದರ್ಜೆ ತಿದ್ದಿಕೊಟ್ಟಿದ್ದ. ಬ್ಯಾಂಡ್ ಮೇಷ್ಟ್ರು ಕ್ಷಮೆ ಕೇಳಿದ್ದ.

"ಬೇಡ" ಅಂದಳು ಬ್ರೆನ್ನಾ.

"ಏನಂದೆ?"

"ಬೇಡ ಅಂದೆ. ಅಮ್ಮ, ನೀನು ಹೊರಗಿರು."

ನಮ್ಮೂರಲ್ಲಿ ಯಾರಾದರೂ ಲೊರೆಟಾಳಿಗೆ ಹೊರಗೆ ಹೋಗು ಅಂದದ್ದು ಯಾರಿಗೂ ಗೊತ್ತಿಲ್ಲ. ಅವಳ ಮುಖ ಕೆಂಪಾಯಿತು, ಕತ್ತಿನ ತನಕ ಕೆಂಪಾಯಿತು. "ಮನೆಗೆ ಬಾ, ಇದೆ ನಿನಗೆ" ಅಂದು ಎದ್ದಳು. ಬಾಗಿಲನ್ನು ಧಡಾರನೆ ಹಾಕಬೇಕು ಅಂದುಕೊಂಡಳು. ಅಷ್ಟರಲ್ಲಿ ಮಗಳೇ ಬಂದು ಅದನ್ನು ಒಳಗಿನಿಂದ ಮೆಲ್ಲಗೆ ಮುಚ್ಚಿಕೊಂಡಳು.

ಹೊರಗಿನ ಬೆಂಚಿನ ಮೇಲೆ ಕೂತ ಲೊರೆಟಾ ಬಾಗಿಲಿಗೆ ಕಿವಿ ಕೊಟ್ಟಳು. ಏನೂ ಕೇಳಿಸದು. ಒಮ್ಮೆ ಮಗಳ ದನಿ ಎದ್ದ ಹಾಗಾಯಿತು. ಹುಡುಗರು ಹುಡುಗಿಯರು ಅವಳ ಕಾಲು ದಾಟಿಕೊಂಡು ಹೋದರು, ಒಬ್ಬರೂ "ಹಾಯ್ ಮಿಸೆಸ್ ಸ್ಟ್ಯಾಂಪರ್" ಅನ್ನಲಿಲ್ಲ. ಆ ಹೆಂಗಸು ಹುಡುಗಿಯನ್ನು ಅಳಿಸುತ್ತಿದ್ದಾಳೋ ಏನೋ, ಒಳಗೆ ನುಗ್ಗಿಬಿಡಲೇ ಅನಿಸಿತು. ಎದ್ದಳು. ಮತ್ತೆ ಕೂತಳು. ಅವಳಿಗೆ ಹೆದರಿಕೆಯಾಗಿತ್ತು, ನಾನೇ ಹೇಳುತ್ತೇನೆ, ಅವಳಂತೂ ಒಪ್ಪುವವಳಲ್ಲ. ಈ ಸೀಟು ತಪ್ಪಿದರೆ ಅದು ತನ್ನ ಕೈಯಿಂದಲೇ ತಪ್ಪಿದ್ದು ಅಂತ ಅವಳಿಗೂ ಗೊತ್ತಿತ್ತು.

ಬ್ರೆನ್ನಾ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಏನಾಯ್ತು? ಕೊಟ್ಟಳಾ?"

"ಇನ್ನೊಂದು ಗುಂಪಿಗೆ ಇವತ್ತು ಸಂಜೆ ಅದೇ ಪರೀಕ್ಷೆ ಇದೆ. ಅವರ ಜೊತೆ ಬರಿ ಅಂದ್ರು."

"ಹಾಂ!" ಲೊರೆಟಾ ತೊಡೆ ತಟ್ಟಿಕೊಂಡಳು. "ನೋಡ್ದೆಯಾ? ಜ್ವರ ಅಂದ್ಯಾ, ವಾಂತಿನೂ ಸೇರಿಸ್ದ್ಯಾ?"

"ಯಾವ ಜ್ವರ? ಜ್ವರದವರಿಗೆ ಡಾಕ್ಟರ ಚೀಟಿ ಬೇಕಂತೆ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಪುಸ್ತಕ ಎಸೆದಿದ್ದು, ಸುಳ್ಳು ಫೋನ್ ಮಾಡಿದ್ದು, ಎಲ್ಲಾ."

"ಹೊರಗಿನವಳ ಮುಂದೆ ನನ್ನ ಮಾನ ಕಳೆದ್ಯಾ? ಯಾರು ನಾನು ನಿನಗೆ? ನಿನ್ನ ತಾಯಿ ಕಣೇ ನಾನು, ತಾಯಿ!"

ಬ್ರೆನ್ನಾ ಚೀಲ ಹೆಗಲಿಗೆ ಏರಿಸಿಕೊಂಡಳು. ಸಂಜೆಯ ತನಕ ಲೈಬ್ರರಿಯಲ್ಲಿ ಓದಬೇಕಿತ್ತು, ಜಗಳಕ್ಕೆ ಅವಳಿಗೆ ಹೊತ್ತಿರಲಿಲ್ಲ.

"ಅದನ್ನೇ ಹೇಳಿದೆ ಅವರಿಗೆ, ಅವಳು ನನ್ನ ತಾಯಿ, ನಾನು ಅವಳ ಜೊತೇಲೇ ಇರಬೇಕು ಅಂತ" ಅಂದಳು. "ಅದಕ್ಕೇ ಪಾಪ ಅಂತ ಕೊಟ್ರು."